ಏಳು ನಿಮಿಷ ಮುಂದಿದ್ದ ಗಡಿಯಾರ

ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರಿಗೆ ಒಂದು ಸವಲತ್ತುಂಟು:
ಜನನದ ದಾಖಲೆಯಲ್ಲಿ ಗಂಟೆ, ನಿಮಿಷ ಬರೆಯುತ್ತಾರೆ.
ಗಡಿಯಾಚೆ ಇಂಗ್ಲೆಂಡಿನಲ್ಲಿ
ಅವಳಿಗಳಾದರೆ ಮಾತ್ರ ಆ ಭಾಗ್ಯ.

ಅದಕ್ಕೇ ಆರ್ಬ್ರೋತಿನ ಈ ಕಚೇರಿಯಲ್ಲಿ ಹನ್ನೊಂದು ಚಳಿಗಾಲ,
ಪೆನ್ಸಿಲ್ ಬಿಟ್ಟು ಬೇರೇನೂ ಒಯ್ಯಬಾರದ ಮೇಜಿನ ಮುಂದೆ
ಕೂತು ನಾನು ಹುಡುಕಿದ್ದು
ಒಂದೇ ಒಂದು ಷಟ್ಕೋನ.

ಆರು ಗ್ರಹ, ನಡುನಡುವೆ ಅರುವತ್ತು ಡಿಗ್ರಿ,
ಒಂದರ ಮೇಲೊಂದು ಕವುಚಿದ ಎರಡು ತ್ರಿಕೋನ.
ಮುದಿ ಗ್ರಹಗಳು ವರ್ಷಗಟ್ಟಲೆ ತಂತಮ್ಮ ಜಾಗ ಹಿಡಿದು
ಎಲೆ ಹಾಕಿಸಿಕೊಂಡ ಪಂಕ್ತಿಯವರಂತೆ ಕಾಯುತ್ತವೆ;
ಕೊನೆಗೆ ಚಂದ್ರ ಓಡೋಡಿ ಬಂದು ಖಾಲಿ ಮೂಲೆಯಲ್ಲಿ
ಕೂತ ಹಾಗೆ ಮಾಡಿ ಎದ್ದುಬಿಡುತ್ತಾನೆ.

ಎಷ್ಟು ಹೊತ್ತು ಕೂತ? ಅದು ನಾವೆಳೆವ ಗೆರೆ.
ಅರ್ಧ ಡಿಗ್ರಿ ಈಚೆ, ಅರ್ಧ ಆಚೆ, ಎಂದು
ನನ್ನ ಮೊದಲ ನೋಟುಪುಸ್ತಕದಲ್ಲಿ ನಾನೇ ಬರೆದುಕೊಂಡೆ.
ಸಡಿಲ ಬಿಟ್ಟರೆ ಊರಿಗೆ ಊರೇ ಒಳಗೆ ಬಂದೀತು.

ಆ ಜುಲೈಯ ಒಂದು ರಾತ್ರಿ
ಎರಡು ಗಂಟೆ ನಾಲ್ಕು ನಿಮಿಷದಿಂದ
ನಾಲ್ಕು ಗಂಟೆ ಐದರವರೆಗೆ ಬಾಗಿಲು ತೆರೆದಿತ್ತು.
ಈ ಊರಿನಿಂದ ಒಳಹೊಕ್ಕವರು ಇಬ್ಬರು.
ಒಂದು ಗಂಡು, ಹೆಸರಿಡುವ ಮೊದಲೇ ಹೋಯಿತು.
ಇನ್ನೊಬ್ಬಳು ಎಫೀ ಸ್ವಾಂಕಿ, ಎರಡು ಗಂಟೆ ಎಂಟು ನಿಮಿಷ:
ಬಂದರಿನ ಪಕ್ಕ ಹ್ಯಾಡಕ್ ಮೀನುಗಳ ಬಾಲಕ್ಕೆ ಬಾಲ ಗಂಟುಹಾಕಿ
ಹೊಗೆಯಲ್ಲಿ ತೂಗುಬಿಡುವವಳು.

ನಾನು? ನಾಲ್ಕು ಗಂಟೆ ಹತ್ತು.
ಅಮ್ಮ ಹೇಳುತ್ತಲೇ ಇದ್ದಳು, ನೀನು ಎಲ್ಲದಕ್ಕೂ ತಡ,
ಬಸ್ಸಿಗೆ ತಡ, ಮದುವೆಗೆ ತಡ, ಅಪ್ಪನ ಮಣ್ಣಿಗೂ.

ಚಿತ್ರ ಬಿಡಿಸಿ ಕೊಟ್ಟಾಗ ಎಫೀ ಕೈಯ ಹುರುಪೆ ಒರೆಸಿಕೊಂಡು ನಕ್ಕಳು:
'ನಕ್ಷತ್ರದೊಳಗೆ ಹುಟ್ಟಿದೆನೋ! ಹಾಗಾದರೆ
ಈ ಹಾಳು ಮೊಣಕಾಲು ಯಾರದ್ದಯ್ಯ?'
ಆದರೂ ತಕ್ಕಡಿಯ ಮೇಲೆ, ದರದ ಹಲಗೆಯ ಪಕ್ಕ, ಅಂಟಿಸಿಕೊಂಡಳು.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ದೃಷ್ಟಿ ಎಂದು ಹೆಸರು.
ಆರೂ ಒಂದನ್ನೊಂದು ನೋಡುತ್ತಿದ್ದವು, ಸರಿ.
ಒಂದಾದರೂ ಕೆಳಗೆ ನೋಡಿತೇ
ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ.

ಮಾಂಟ್ರೋಸಿನ ವೃದ್ಧಾಶ್ರಮದಲ್ಲಿ ಸಿಕ್ಕಳು ಇಶ್ಬೆಲ್ ಗಾರ್ವಕ್,
ತೊಂಬತ್ತೆರಡು, ಆ ರಾತ್ರಿಯ ಸೂಲಗಿತ್ತಿ.
'ಗೋಡೆ ಗಡಿಯಾರವೇ? ಏಳು ನಿಮಿಷ ಮುಂದಿರುತ್ತಿತ್ತು.
ಪಾಳಿಯ ಹುಡುಗಿಯರು ತಡ ಮಾಡಬಾರದೆಂದು
ಮೇಟ್ರನ್ನಳೇ ತಿರುಗಿಸಿ ಇಟ್ಟಿದ್ದಳು.
ಎಲ್ಲರಿಗೂ ಗೊತ್ತಿತ್ತು. ಕಳೆದು ಬರೆದವರು ಯಾರೂ ಇಲ್ಲ.
ಮಗು ಅತ್ತಿತೇ ಅಂತ ನೋಡುತ್ತೇವೋ, ಮುಳ್ಳು ನೋಡುತ್ತೇವೋ?'

ವಾಪಸು ರೈಲಿನಲ್ಲಿ, ಟಿಕೆಟಿನ ಬೆನ್ನಿಗೆ, ಕಳೆದೆ.
ಎರಡು ಎಂಟು: ಎರಡು ಒಂದು.
ಎಫೀ ಹೊರಗೆ.
ನಾಲ್ಕು ಹತ್ತು:
ನಾಲ್ಕು ಮೂರು.

ಅರುವತ್ತೊಂದನೆಯ ವಯಸ್ಸಿನಲ್ಲಿ ನಾನು ಒಳಗೆ.
ಏನಾದರೂ ಆದೀತೆಂದು ಬೆನ್ನು ನೆಟ್ಟಗೆ ಮಾಡಿ ಕೂತೆ.
ಲೂನನ್ ಕೊಲ್ಲಿ ಬಂತು, ಒದ್ದೆ ಕುರಿಗಳು ಬಂದವು,
ಟಿಕೆಟ್ ನೋಡುವವನು ಬಂದು, ಲೆಕ್ಕದ ಮೇಲೆಯೇ ತೂತು ಹೊಡೆದು ಹೋದ.
ಆ ಕೂಸು ಮಾತ್ರ ಇದ್ದಲ್ಲೇ ಇತ್ತು.
ಏಳಲ್ಲ, ನಲವತ್ತು ನಿಮಿಷ ಎಳೆದಾಡಿದರೂ
ಅದು ಒಳಗೇ, ನಟ್ಟನಡುವೆ.

ಸಂಜೆ ಬಂದರಿಗೆ ಹೋದೆ. ಎಫೀ ಬಾಗಿಲೆಳೆಯುತ್ತಿದ್ದಳು.
'ಇವತ್ತೂ ತಡ' ಎಂದಳು.
ಹೊಗೆ ಹಿಡಿದು ಷಟ್ಕೋನ ಚಹಾದ ಬಣ್ಣವಾಗಿದೆ,
ಚಂದ್ರನ ಮೂಲೆಗೆ ಮೀನೆಣ್ಣೆ ತಾಗಿದೆ.
ಒಂದು ಜೋಡಿ ತೂಗಿ, ಮೇಲೊಂದು ಚಿಕ್ಕದನ್ನಿಟ್ಟು
'ನಕ್ಷತ್ರದವಳ ಲೆಕ್ಕ' ಎಂದು ಕಾಗದ ಸುತ್ತಿದಳು.

ಜೇಬಿನಲ್ಲಿ ತೂತು ಬಿದ್ದ ಟಿಕೆಟು.
ಚಿಲ್ಲರೆ ಎಣಿಸಿ ಕೊಟ್ಟೆ.
ಮೀನು ಇನ್ನೂ ಬಿಸಿಯಿತ್ತು.